ಬ್ಯಾನರಿನ ಇನ್ನೊಂದು ತುದಿ

ಸುನಿತಾ ರುವಾಂಡಾಕ್ಕೆ ಹೊರಟಿದ್ದಳು. ಒಂದು ಕಾಲಕ್ಕೆ ನೆರೆಯವರು ನೆರೆಯವರನ್ನೇ ಕೊಂದು, ಈಗ ಮತ್ತೆ ಒಟ್ಟಿಗೆ ಬಾಳಲು ಕಲಿಯುತ್ತಿರುವ ಹಳ್ಳಿಯೊಂದರಲ್ಲಿ ಆರು ತಿಂಗಳ ಸ್ವಯಂಸೇವೆ. ತಯಾರಿ ಭರ್ಜರಿಯಾಗಿಯೇ ನಡೆದಿತ್ತು. ಯಾರ ಪಕ್ಷವನ್ನೂ ವಹಿಸದೆ ಎರಡೂ ಕಡೆಯವರ ಮಾತು ಕೇಳುವುದು ಹೇಗೆಂದು ಮೊಬೈಲಿನಲ್ಲೇ ತರಬೇತಿ ಮುಗಿದಿತ್ತು. ಅವ್ವ ಕಟ್ಟಿಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ನೋಡಿದರೆ, ಆ ದೇಶದಲ್ಲಿ ಇನ್ನೂ ಮುನಿಸಿಕೊಂಡವರು ಉಳಿದಿದ್ದರೆ ಅವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಬಹುದಿತ್ತು.

ಅಪ್ಪ ನಿಜಲಿಂಗಪ್ಪನದು ಬ್ಯಾನರಿನ ಉಸ್ತುವಾರಿ. ಬೆಟಗೇರಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಮನುಷ್ಯ, ಏನು ಮಾಡಿದರೂ ದೊಡ್ಡದಾಗಿಯೇ ಮಾಡುತ್ತಾನೆ. 'ವಿಶ್ವಶಾಂತಿಗೆ ಹೊರಟ ಹಿರೇಹಂದಿಗೋಳದ ಮಗಳು' ಎಂದು ಬರೆಸಿ, ಮಗಳ ಫೋಟೊಗಿಂತ ತನ್ನದನ್ನು ತುಸು ದೊಡ್ಡದು ಮಾಡಿಸಿದ್ದ. ತೊಂದರೆ ಒಂದೇ. ಓಣಿಗೆ ಅಡ್ಡಲಾಗಿ ಕಟ್ಟಬೇಕೆಂದರೆ ಇನ್ನೊಂದು ತುದಿಗೆ ಎದುರುಮನೆಯ ಕಂಬ ಬೇಕು. ಎದುರುಮನೆ ತಮ್ಮ ಶಿವಯೋಗಿಯದು. ಹೊಲದ ಬದುವಿನ ಜಗಳದಲ್ಲಿ ನಿಜಲಿಂಗಪ್ಪ ಗುದ್ದಲಿಯ ಹಿಡಿಯಿಂದ ತಮ್ಮನ ಕೈ ಮುರಿದ ಮೇಲೆ ಎರಡು ಮನೆಗಳಿಗೂ ಮಾತಿಲ್ಲ. ಹಾಗಾಗಿ ವಿಶ್ವಶಾಂತಿ ಒಂದೇ ಕಡೆಯಿಂದ ಜೋತುಬಿದ್ದು ಓಣಿಯ ಧೂಳು ಒರೆಸುತ್ತಿತ್ತು.

ಅಂದು ಬನ್ನಿ ಹಬ್ಬ. ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿದರೆ ಹಳೆಯದೆಲ್ಲ ಮರೆತ ಹಾಗೆ. ನಿಜಲಿಂಗಪ್ಪ ಪ್ರತಿವರ್ಷ ಹೊಸ ಧೋತರ ಉಟ್ಟು ಕಟ್ಟೆಯ ಮೇಲೆ ಕೂತು, ಚಿಕ್ಕವನು ಬರಲಿ ಎಂದು ಕಾಯುತ್ತಿದ್ದ. ಎದುರು ಕಟ್ಟೆಯಲ್ಲಿ ಶಿವಯೋಗಿ, ಹೊಡೆದವನು ಬರಲಿ ಎಂದು ಕಾಯುತ್ತಿದ್ದ. ಇಬ್ಬರ ಕೈಯಲ್ಲೂ ಎಲೆ ಬಾಡುತ್ತಿತ್ತು.

ಈ ಸಲ ಸುನಿತಾಗೆ ಹುರುಪು. ಕಲಿತ ವಿದ್ಯೆಯನ್ನು ಊರಲ್ಲೇ ಒಮ್ಮೆ ಪರೀಕ್ಷೆ ಮಾಡೋಣವೆಂದು ಬನ್ನಿ ಹಿಡಿದು ಓಣಿ ದಾಟಿದಳು. ಕಾಕಾ ಶಿವಯೋಗಿ ಎಡಗೈ ಚಾಚಿದ.

“ತಪ್ಪ ತಿಳಕೋಬ್ಯಾಡವ್ವ,” ಅಂದ. “ಬಲಗೈ ಮ್ಯಾಲೆ ಎತ್ತಾಕ ಬರಂಗಿಲ್ಲ, ಬೆರಳೂ ಮಡಚಂಗಿಲ್ಲ.”

ದಿನಾ ಎದುರಿಗೇ ಇದ್ದ ಕೈ. ಅವಳು ಅದನ್ನು ನೋಡಿಯೇ ಇರಲಿಲ್ಲ. ಬಾಯಿಪಾಠ ಮಾಡಿದ್ದ ಪ್ರಶ್ನೆಗಳನ್ನು ಬಿಟ್ಟು, ಎಡಗೈಗೇ ಬನ್ನಿ ಇಟ್ಟು ಕಾಲು ಮುಟ್ಟಿದಳು.

ಒಳಗಿನಿಂದ ಚಿಗವ್ವ ಸಿದ್ದಲಿಂಗವ್ವ ಬಂದಳು. “ನೀ ಹೊಂಟ ಊರಾಗ ಮೊದಲ ಯಾರು ಹೋಗತಾರವ್ವ? ಹೊಡದಾವರೋ, ಹೊಡಿಸ್ಕೊಂಡಾವರೋ?”

“ಹೊಡದಾವರ ಹೋಗಿ ಮಾಫಿ ಕೇಳ್ತಾರಂತ, ಚಿಗವ್ವ.”

“ಆತು ಬಿಡು. ಶಾಣ್ಯಾ ಮಂದಿ.”

ಸುನಿತಾ ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತಳು. “ಒಂದ ಸಲ ಕಾಕಾನ ಮನಿಗೆ ಹೋಗಿ ಬಾರಪ್ಪಾ. ಇಲ್ಲಾಂದ್ರ ಅಲ್ಲಿ ಹೋಗಿ ನಾ ಯಾವ ಬಾಯಿಲೆ ಮಾತಾಡ್ಲಿ?”

“ಅಲ್ಲಿದು ಬ್ಯಾರೆ. ಇಲ್ಲಿ ನಾ ದೊಡ್ಡಾವ,” ಎಂದು ನಿಜಲಿಂಗಪ್ಪ ರುಮಾಲು ಸರಿಮಾಡಿಕೊಂಡ.

ಸಂಜೆ ಓಣಿಯಲ್ಲಿ ವೇದಿಕೆ ಹಾಕಿ ಸುನಿತಾಗೆ ಸನ್ಮಾನ. ಅಪ್ಪ ಮೈಕು ಹಿಡಿದು ಕ್ಷಮೆಯ ಮಹಿಮೆ ಹೇಳುತ್ತಿದ್ದಾಗ ಎದುರು ಕಟ್ಟೆಯಿಂದ ಕಾಕಾ ಎದ್ದ. ಧೂಳಿನಲ್ಲಿ ಬಿದ್ದಿದ್ದ ತುದಿಯನ್ನು ಎತ್ತಿ, ಝಾಡಿಸಿ, ತನ್ನ ಕಂಬಕ್ಕೆ ಕಟ್ಟತೊಡಗಿದ. ಅಣ್ಣನ ಮಗಳ ಮುಖ ಮಣ್ಣಾಗಬಾರದು, ಅಷ್ಟೇ. ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಡಗೈಯಿಂದ ಎಳೆದ. ಗಂಟು ನಿಲ್ಲಲಿಲ್ಲ. ಮತ್ತೆ ಎಳೆದ, ಮತ್ತೆ ಬಿಚ್ಚಿಕೊಂಡಿತು. ಓಣಿಯೆಲ್ಲ ನೋಡಿತು. ಅಪ್ಪನೂ ನೋಡಿದ, ಮಾತು ಮಾತ್ರ ನಿಲ್ಲಿಸಲಿಲ್ಲ.

ಸುನಿತಾ ನಾಚಿಕೆ ತಡೆಯಲಾರದೆ ಎದ್ದಳು. ಹೊದಿಸಿದ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಇಳಿದು ಹೋಗಿ ಹಗ್ಗ ಹಿಡಿದಳು.

“ನೋಡ್ರಿ,” ಮೈಕಿನಲ್ಲಿ ಅಪ್ಪನ ದನಿ ಉಬ್ಬಿತು, “ನಮ್ಮ ಹುಡುಗಿ ಈಗಿಂದನ ಸೇವಾ ಸುರು ಮಾಡ್ಯಾಳ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾನಿಗೆ ಅದೂ ಆಗುವಂತಿರಲಿಲ್ಲ.