ಕಲ್ಲುಗೋಡೆಯ ಆಚೆಯ ಸೇಬಿನ ಸಿಪ್ಪೆ

ಇಪ್ಪತ್ತೆರಡು ವರ್ಷದಿಂದ ಲೊರೆಟಾ ಊರಿನ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಹೊಸ ಬೇಟೆಗಾರರಿಗೆ ಪಾಠ ಮಾಡುತ್ತಿದ್ದಳು. ಜೋಳ ಚೆಲ್ಲಿ ಜಿಂಕೆ ಕರೆಯುವಂತಿಲ್ಲ, ಉಪ್ಪಿನ ಗಟ್ಟಿ ಇಡುವಂತಿಲ್ಲ, ಜಿಂಕೆಗಳಿಗೆ ರೋಗ ಹಬ್ಬಿದ ಕಡೆ ವಾಸನೆಯಿಂದ ಸೆಳೆಯಲು ಜಿಂಕೆ ಮೂತ್ರದ ಸೀಸೆ ಬಿಚ್ಚುವಂತಿಲ್ಲ. ಆಮಿಷ ತೆಗೆದುಹಾಕಿದ ಮೇಲೂ ಮೂವತ್ತು ದಿನ ಆ ಜಾಗದಲ್ಲಿ ಬಂದೂಕು ಹಿಡಿಯುವಂತಿಲ್ಲ. "ಗೊತ್ತಿರ್ಲಿಲ್ಲ ಅಂತ ಬೇಟೆ ವಾರ್ಡನ್ ಮುಂದೆ ಹಲ್ಲು ಕಿರಿದ್ರೆ ನಡೆಯಲ್ಲ" ಎಂದು ಅವಳು ಗದರಿದರೆ ಪೆನ್ಸಿಲ್ವೇನಿಯಾದ ಆ ಗುಡ್ಡಗಾಡಿನ ಗಡ್ಡದ ಗಂಡಸರೂ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಅಂಥವಳು ಈಗ ಜಿಂಕೆಗೆ ಕಾಣದಂತೆ ಕೂರುವ ಬೇಟೆಯ ಗುಡಾರದಲ್ಲಿ, ಗಂಡ ಮರ್ಲ್‌ನ ಪಕ್ಕದಲ್ಲಿ, ಉಸಿರು ಬಿಗಿಹಿಡಿದು ಕೂತಿದ್ದಳು. ಬೇಟೆಯ ಸೀಸನ್ನಿನ ಐದನೇ ದಿನ. ಮರ್ಲ್‌ನ ಶ್ವಾಸಕೋಶ ಕೈಕೊಟ್ಟಿತ್ತು. ಮುಂದಿನ ವರ್ಷದ ಬೇಟೆಯ ಮಾತೆತ್ತಿದಾಗ ಡಾಕ್ಟರು ಸುಮ್ಮನೆ ಕನ್ನಡಕ ಒರೆಸಿಕೊಂಡಿದ್ದರು. ಗುಡ್ಡ ಹತ್ತಲಾಗದ ಅವನಿಗಾಗಿ ಗುಡಾರವೇ ಈ ಸಲ ಕೆಳಗಿಳಿದು ಹಿತ್ತಲ ಕಲ್ಲುಗೋಡೆಯ ಹತ್ತಿರ ಬಂದಿತ್ತು. ಅದಕ್ಕಿಂತ ಆಚೆ ಅವನ ಕಾಲು ಹೋಗುತ್ತಿರಲಿಲ್ಲ.

ಎಂಟು ಕವಲಿನ ಕೊಂಬಿನ ಗಂಡು ಜಿಂಕೆಯೊಂದು ಮರಗಳ ನಡುವಿಂದ ಬಂತು. ಅತ್ತ ಇತ್ತ ನೋಡದೆ, ಕರೆದು ಎಲೆ ಹಾಕಿದ ಹಾಗೆ ನೆಟ್ಟಗೆ ಗೋಡೆಯ ಕಡೆಗೇ ಬಂತು. ಗೋಡೆ ಕುಸಿದಿದ್ದ ಜಾಗದಲ್ಲಿ ಗೊರಸಿನಿಂದ ಹಿಮ ಕೆದರಿತು. ಕೆಂಪು ಸಿಪ್ಪೆಗಳು ಮೇಲೆದ್ದವು.

ಲೊರೆಟಾಳಿಗೆ ಆ ಸಿಪ್ಪೆಯ ಗುರುತು ಸಿಕ್ಕಿತು. ಕಳೆದ ವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎರಡು ದಿನ ಮುಂಚೆ, ಚರ್ಚಿನ ಹೆಂಗಸರೆಲ್ಲ ಸೇರಿ ಸೇಬು ತುಂಬಿದ ಅರವತ್ತು ಪೈ ಮಾಡಿದ್ದರು. ನಾಲ್ಕು ಟಬ್ ಸಿಪ್ಪೆಯನ್ನು ಪ್ರತಿ ವರ್ಷದಂತೆ ಗೋಡೆಯಾಚೆ ಸುರಿದವಳು ತಾನೇ. ಮೂವತ್ತು ವರ್ಷ ಬೇಟೆ ಗುಡ್ಡದ ಮೇಲಿತ್ತು, ಸಿಪ್ಪೆ ಕೆಳಗಿತ್ತು. ಗುಡಾರ ಕೆಳಗೆ ಬಂದದ್ದು ನೆನಪಿತ್ತು, ಕೈ ಮಾತ್ರ ಹಳೆಯ ರೂಢಿ ಬಿಟ್ಟಿರಲಿಲ್ಲ. ಪಾಠ ಹೇಳುವ ಬಾಯಿಗೆ ಮಣ್ಣು ಬೀಳಲಿ!

ಬಾಯಿ ಬಿಟ್ಟರೆ ಅವನ ಕೊನೆಯ ಸೀಸನ್ ಇಲ್ಲಿಗೇ ಮುಗಿಯಿತು. ಬಿಡದಿದ್ದರೆ, ಜೀವಮಾನದಲ್ಲಿ ಒಂದೂ ನಿಯಮ ಮುರಿಯದವನನ್ನು ತನ್ನ ಕೈಯಾರೆ ಕಳ್ಳಬೇಟೆಗಾರನನ್ನಾಗಿ ಮಾಡಿದಂತೆ. ಗುಡಾರದ ಬಟ್ಟೆ ನಾಲ್ಕೂ ಕಡೆಯಿಂದ ಮೈಮೇಲೆ ಬಂದಂತಾಯಿತು. ಮರ್ಲ್ ಬಂದೂಕು ಎತ್ತಿ ಕೆನ್ನೆಗೆ ಒತ್ತಿದ. ತಿಂಗಳುಗಳಿಂದ ನಡುಗುತ್ತಿದ್ದ ಕೈ ಈಗ ಅಲುಗಾಡಲಿಲ್ಲ.

"ಮರ್ಲ್, ಹೊಡೀಬೇಡ. ಅದು ನನ್ನ ಪೈ ಸಿಪ್ಪೆ. ನಾನೇ ಸುರಿದಿದ್ದು."

ಜಿಂಕೆ ತಲೆಯೆತ್ತಿ, ಬಾಲದ ಬಿಳುಪು ತೋರಿಸಿ ಮಾಯವಾಯಿತು. ಮರ್ಲ್ ಬೈಯಲಿಲ್ಲ. ಬಂದೂಕನ್ನು ತೆರೆದು ಅವಳ ಮುಂದೆ ಹಿಡಿದ. ಒಳಗೆ ತೋಟಾ ಇರಲಿಲ್ಲ.

"ಮೊದಲ್ನೇ ದಿನ ಉಚ್ಚೆ ಹೊಯ್ಯೋಕೆ ಗೋಡೆ ಹತ್ರ ಹೋದಾಗ್ಲೇ ಸಿಪ್ಪೆ ನೋಡ್ದೆ."

"ಐದು ದಿನ! ಐದು ದಿನದಿಂದ ಖಾಲಿ ಬಂದೂಕು ಹಿಡ್ಕೊಂಡು ನನ್ನನ್ನ ಈ ಚಳೀಲಿ ಕೊಳೆ ಹಾಕಿದ್ದೀಯಾ? ಹೇಳೋಕೆ ಏನು ದಾಡಿಯಾಗಿತ್ತು ನಿಂಗೆ?"

"ಹೇಳಿದ್ರೆ ನೀನು ಆಗ್ಲೇ ನನ್ನ ಎಬ್ಬಿಸ್ಕೊಂಡು ಹೋಗಿ ಕಿಟಕಿ ಹತ್ರ ಆ ಕುರ್ಚೀಲಿ ಕೂರಿಸ್ತಿದ್ದೆ. ಆಮೇಲೆ ನಾನು ಅಲ್ಲಿಂದ ಏಳ್ತಿದ್ನಾ, ಲೊರೆಟಾ?" ಎಂದು ಕೇಳಿ ಮರ್ಲ್ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮುಂದೆ ಏನು ಮಾಡಬೇಕೆಂಬುದು ಅವಳಿಗೆ ಬಾಯಿಪಾಠವಾಗಿತ್ತು. ವಾರ್ಡನ್‌ಗೆ ಫೋನ್ ಮಾಡಬೇಕು, ಸಲಿಕೆ ತಂದು ಸಿಪ್ಪೆಯ ರಾಶಿ ಎತ್ತಬೇಕು, ಗುಡಾರ ಬಿಚ್ಚಬೇಕು. ಅವಳ ಕೈ ಬಾಗಿಲಿನ ಜಿಪ್ಪಿನವರೆಗೆ ಹೋಯಿತು.

"ಕಾಫಿ ಇನ್ನೂ ಇದ್ಯಾ?" ಎಂದ ಮರ್ಲ್, ಹೊರಗೆ ನೋಡುತ್ತಲೇ.

ಲೊರೆಟಾ ಜಿಪ್ ಬಿಟ್ಟು ಫ್ಲಾಸ್ಕ್ ತೆರೆದಳು. ಕಣ್ಣು ತುಂಬಿ ಲೋಟ ಕಾಣಲಿಲ್ಲ, ಕಾಫಿ ಅರ್ಧ ಅವನ ಕೈಮೇಲೆ ಚೆಲ್ಲಿತು.