ಬೆಚ್ಚಗಿನ ಪಾದ

ಯೋಗಾನಂದನಿಗೆ ತಾಯಿಯ ಮೇಲೆ ಪ್ರೀತಿ ಇರಲಿಲ್ಲ ಎಂದರೆ ನಾಲಗೆ ಬಿದ್ದುಹೋದೀತು. ಇತ್ತು. ಆದರೆ ಆ ವಾರ ದೋಣಿಗಲ್‌ನ ಅವನ ತೋಟದಲ್ಲಿ ಕಾಫಿ ಹಣ್ಣಾಗಿ ನಿಂತಿತ್ತು. ಕುಯ್ಯಲು ಬಂದ ಆಳುಗಳೋ, ಯಜಮಾನ ಕಾಣದಿದ್ದರೆ ಪಕ್ಕದ ಎಸ್ಟೇಟಿಗೆ ಹೋಗಿಬಿಡುವವರು. ಅಂಥ ಹೊತ್ತಿಗೇ ಮುದುಕಿ ತಾಯಿ ವಿಶಾಲಮ್ಮನಿಗೆ ನಂಜು ರಕ್ತಕ್ಕೇರಿ, ಸಕಲೇಶಪುರದ ಪುಟ್ಟ ನರ್ಸಿಂಗ್ ಹೋಮಿಗೆ ಸೇರಿಸಬೇಕಾಯಿತು.

ಅಲ್ಲಿನ ಡಾಕ್ಟರ್ ನಟರಾಜ್ ಬಂದಾಗಲೆಲ್ಲ ಮೊದಲು ಮುಟ್ಟುತ್ತಿದ್ದುದು ಅವಳ ಪಾದ. ಹೆಬ್ಬೆರಳ ಉಗುರು ಒತ್ತಿ ಬಿಟ್ಟು, ಬಿಳಿಚಿದ್ದು ಕೆಂಪಗಾಗುವುದನ್ನು ಕಾಯುತ್ತಿದ್ದರು. ರಕ್ತ ತುದಿಯವರೆಗೆ ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಬಿ.ಪಿ.ಗಿಂತ ಮೊದಲೇ ಪಾದ ಹೇಳುತ್ತದಂತೆ. ಆ ರಾತ್ರಿ ಪಾದ ತಣ್ಣಗಿತ್ತು; ಬೆಳಿಗ್ಗೆಯೂ ತಣ್ಣಗಿದ್ದರೆ ಹಾಸನದ ದೊಡ್ಡಾಸ್ಪತ್ರೆಗೆ ಸಾಗಿಸಬೇಕು, ಜೊತೆಗೆ ಮಗ ಇರಲೇಬೇಕು ಎಂದಿದ್ದರು.

ಬೆಳಿಗ್ಗೆ ಪಾದ ಕೊರೆಯುತ್ತಿತ್ತು. ಹಾಸನವೆಂದರೆ ವಾರ ಹೋಯಿತು, ಹಣ್ಣು ನೆಲದ ಪಾಲು. ಯೋಗಾನಂದ ಬಾಟ್ಲಿಗೆ ಬಿಸಿನೀರು ತುಂಬಿ ಕಂಬಳಿಯೊಳಗೆ ಪಾದಕ್ಕೆ ಒತ್ತಿಟ್ಟ. ಡಾಕ್ಟರ ಹೆಜ್ಜೆ ಕೇಳುತ್ತಲೇ ಎಳೆದು ಮಂಚದಡಿ ನೂಕಿದ. ಅವರು ಪಾದ ಮುಟ್ಟಿ, ಪರವಾಗಿಲ್ಲ, ಮಧ್ಯಾಹ್ನದವರೆಗೆ ನೋಡೋಣ ಎಂದರು. ಇವನು ತೋಟಕ್ಕೆ ಓಡಿದ.

ಮಧ್ಯಾಹ್ನ ಮರಳಿ ಅದನ್ನೇ ಮಾಡಿದ. ಈ ಸಲ ಡಾಕ್ಟರು ಮೂತ್ರದ ಚೀಲ ನೋಡಿದರು. ಹೆಚ್ಚುಕಮ್ಮಿ ಬರಿದಾಗಿತ್ತು. ಮಂಡಿ ಮುಟ್ಟಿದರು. ತಣ್ಣಗಿತ್ತು. ಮಂಡಿ ತಣ್ಣಗಿದ್ದು ಪಾದ ಬೆಚ್ಚಗಿರುವುದು ಹೇಗೆ ಎಂದು ನರ್ಸ್ ಹೇಮಶ್ರೀಯನ್ನು ಕೇಳಿದರು. ಯೋಗಾನಂದ ಗೋಡೆ ನೋಡುತ್ತಾ ನಿಂತ.

ವಿಶಾಲಮ್ಮ ಕಣ್ಣು ತೆರೆದಳು. "ನನ್ ಮಗ ಬಿಸಿನೀರ್ ಬಾಟ್ಲಿ ಇಟ್ಟಿದ್ದ ಕಣಪ್ಪ. ಬೆಳಿಗ್ಗೆನೂ ಇಟ್ಟಿದ್ದ. ನನ್ ಕಾಲು ತಣ್ಣಗಾದ್ರೆ ಅವನಿಗೆ ತಡೆಯಕ್ಕಾಗಲ್ಲ." ದನಿಯಲ್ಲಿ ಜೀವವಿರಲಿಲ್ಲ, ಹೆಮ್ಮೆ ಮಾತ್ರ ತುಂಬಿತ್ತು.

ಡಾಕ್ಟರು ಬಗ್ಗಿ ಮಂಚದಡಿ ನೋಡಿದರು. ಆಮೇಲೆ ಅವನನ್ನು ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅರ್ಧ ದಿನ ಕೈಜಾರಿತು, ಬೇಗ ವ್ಯಾನ್ ಕರೆಸಿ ಎಂದಷ್ಟೇ ಹೇಮಶ್ರೀಗೆ ಹೇಳಿ ಹೊರಟರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಯೋಗಾನಂದನಿಗೆ. ಹಾಳು ಕಾಫಿ, ಹಾಳು ಬುದ್ಧಿ ಎಂದು ತನ್ನನ್ನೇ ಶಪಿಸಿಕೊಂಡ.

ವ್ಯಾನು ಹಾಸನದ ದಾರಿಯಲ್ಲಿ ಪಾಳ್ಯ ದಾಟುವಾಗ, ನಿಜ ಹೇಳಿಬಿಡಬೇಕೆಂದು ತಾಯಿಯ ಕಡೆ ಬಾಗಿದ. "ಅವ್ವಾ," ಎಂದ. ಅಷ್ಟರಲ್ಲೇ ಅವಳು ಅವನ ಕೈ ಹಿಡಿದುಕೊಂಡು, ಡ್ರಿಪ್ ಹಿಡಿದು ಕೂತಿದ್ದ ಹೇಮಶ್ರೀಯ ಕಡೆ ತಿರುಗಿದಳು.

"ಇಂಥ ಮಗನ್ನ ಎಲ್ಲಾದ್ರೂ ನೋಡಿದ್ಯೇನವ್ವ?"

"ಇಲ್ಲಮ್ಮ," ಎಂದಳು ಹೇಮಶ್ರೀ, ಅವನ ಮುಖ ನೋಡದೆ.