ಎರಡು ಮನೆಗೆ ಒಂದೇ ಗೋಡೆ

"ರೀ, ಗೋಡೆ ಮತ್ತೆ ಒದ್ದೆ ಆಗಿದೆ ನೋಡಿ" ಎಂದರು ಜಯಶೀಲಾ. ಗಂಡ ಏಕಾಂತಪ್ಪ ನೋಡಲಿಲ್ಲ. ನೋಡಿ ನೋಡಿ ಅವರಿಗೆ ಸಾಕಾಗಿತ್ತು.

ಶಿವಮೊಗ್ಗದ ಹಳೇ ಪೇಟೆಯಲ್ಲಿ ಅವರದು ಅಜ್ಜನ ಕಾಲದ ಮಣ್ಣುಗೋಡೆಯ ಮನೆ. ಮುಂದೆ ಜಗಲಿ, ಜಗಲಿಗೆ ಮರದ ಕಂಬ, ಮೇಲೆ ಹೆಂಚು. ಆ ಬೀದಿಯ ಮನೆಗಳೆಲ್ಲ ನಡುವೆ ಸಂದಿಯಿಲ್ಲದೆ ಒಂದಕ್ಕೊಂದು ಅಂಟಿಕೊಂಡೇ ಇವೆ. ಕೆಲವು ವರ್ಷದ ಹಿಂದೆ ಏಕಾಂತಪ್ಪ ಹಳೇ ಸುಣ್ಣದ ಗಾರೆ ಕೆತ್ತಿಸಿ ಸಿಮೆಂಟ್ ಮೆತ್ತಿಸಿದ್ದರು. ಮೊದಲ ಬೇಸಿಗೆಯಲ್ಲಿ ಗೋಡೆ ಚೆನ್ನಾಗಿಯೇ ಕಂಡಿತು. ಆಮೇಲೆ ಮೊಣಕಾಲೆತ್ತರ ಇದ್ದ ತೇವ ಎದೆಯೆತ್ತರಕ್ಕೆ ಬಂತು. ಬಟ್ಟೆಗೆಲ್ಲ ಬೂಸ್ಟು. ಜಯಶೀಲಾಗೆ ಬಿಡದ ಕೆಮ್ಮು.

"ಈ ಸಲ ತೇಪೆ ಹಚ್ಚೋ ಮಾತೇ ಇಲ್ಲ. ಸೋಮವಾರ ಜೆಸಿಬಿ ಬರುತ್ತೆ. ಕೆಡವಿ ಆರ್‌ಸಿಸಿ ಕಟ್ಟೋದೇ" ಎಂದರು ಏಕಾಂತಪ್ಪ.

"ಪಕ್ಕದ ಶೇಷಮ್ಮಂಗೆ ಹೇಳಿದ್ರಾ?"

"ನಮ್ಮ ಮನೆ ಕೆಡವೋಕೆ ಅವರನ್ನೇನು ಕೇಳೋದು?"

ಶೇಷಮ್ಮನವರಿಗೆ ವಿಷಯ ಆಗಲೇ ಗೊತ್ತಾಗಿತ್ತು. ಅವರ ಮಹಿಳಾ ಸಂಘದ ಹೆಂಗಸರು ದಿನಾ ಅವರ ಜಗಲಿಯಲ್ಲೇ ಕೂತು ಹಪ್ಪಳ ಒತ್ತುತ್ತಿದ್ದರು. ಜಯಶೀಲಾ ಹೋಗಿ ನೋಡಿದಾಗ ಶೇಷಮ್ಮ ಹಪ್ಪಳದ ಡಬ್ಬಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಎಲ್ಲಿಗೆ ಶೇಷಕ್ಕ?"

"ಆಯನೂರಿಗೆ, ತಮ್ಮನ ಮನೆಗೆ. ಗೋಡೆ ಬಿದ್ರೆ ನಾನು ಒಳಗಿರೋದು ಬೇಡ ಅಂತ. ನಿಮ್ಮವರಿಗೆ ಹೇಳಬೇಡ ಮಾರಾಯ್ತಿ. ಅವರ ಮನೆ, ಅವರಿಷ್ಟ."

ಜಯಶೀಲಾ ಅಳುತ್ತಲೇ ಮನೆಗೆ ಬಂದರು. ಬೇಡ ಎಂದದ್ದನ್ನು ಗಂಡನಿಗೆ ಹೇಳಿಯೂ ಬಿಟ್ಟರು. ಅವತ್ತು ಏಕಾಂತಪ್ಪನವರಿಗೆ ಊಟ ಸರಿಯಾಗಿ ಸೇರಲಿಲ್ಲ.

ಮರುದಿನ ಸುದ್ದಿ ಕೇಳಿ ಶೇಷಮ್ಮನ ತಂಗಿಯ ಮಗಳು ಗಗನಾ ಬಂದಳು. ಅವಳು ಸಿವಿಲ್ ಇಂಜಿನಿಯರ್, ಭದ್ರಾವತಿಯ ನ್ಯೂ ಟೌನ್‌ನಲ್ಲಿರುವವಳು. ಹಳೇ ಮನೆಗಳ ರಿಪೇರಿಯೇ ಅವಳ ಕೆಲಸ. ನೇರವಾಗಿ ಏಕಾಂತಪ್ಪನವರ ಬಾಗಿಲಿಗೇ ಬಂದಳು.

"ಮಾಮ, ಗೋಡೆ ಒಂದ್ಸಲ ನೋಡ್ಲಾ?"

"ನೋಡಮ್ಮ. ಆದ್ರೆ ನೀನು ನಿನ್ನ ದೊಡ್ಡಮ್ಮನ ಪರ ತಾನೇ ಮಾತಾಡೋದು?"

"ನನ್ನ ಮಾತು ನಂಬಬೇಡಿ. ಗೋಡೆ ಬಿಚ್ಚಿ ನೀವೇ ನೋಡಿ."

ಮೊದಲು ಎರಡೂ ಮನೆಯ ತೊಲೆಗಳಿಗೆ ಕೆಳಗಿನಿಂದ ಮರದ ಆನಿಕೆ ಕೊಡಿಸಿದಳು. ಆಮೇಲೆ ಅವಳು ಕರೆತಂದ ಮೇಸ್ತ್ರಿ ಸಿಮೆಂಟ್ ಎಬ್ಬಿಸಿದರು. ಅದು ಹಲಗೆಯಂತೆ ಕಳಚಿ ಬಂತು. ಒಳಗಿನ ಮಣ್ಣು ಕೈಯಲ್ಲಿ ಹಿಂಡುವಷ್ಟು ಹಸಿ.

"ಸಿಮೆಂಟ್ ಗಟ್ಟಿ ಅಲ್ವೇನಮ್ಮ?" ಏಕಾಂತಪ್ಪನವರ ದನಿ ಇಳಿದಿತ್ತು.

"ಗಟ್ಟಿನೇ. ಅದೇ ತೊಂದರೆ ಆಗಿದ್ದು. ಮಣ್ಣುಗೋಡೆ ನೆಲದ ನೀರು ಹೀರುತ್ತೆ. ಸುಣ್ಣದ ಗಾರೆ ಇದ್ರೆ ಆ ತೇವ ನಿಧಾನಕ್ಕೆ ಹೊರಗೆ ಆರಿಹೋಗುತ್ತೆ. ಸಿಮೆಂಟ್ ದಾರಿ ಕಟ್ಟಿಬಿಡ್ತು. ನೀರು ಇನ್ನೆಲ್ಲಿಗೆ ಹೋಗಬೇಕು, ಮೇಲಕ್ಕೆ ಹತ್ತಿತು. ಹೊರಗೆ ನೋಡಿ, ಟಾರು ಹಾಕಿ ಹಾಕಿ ರಸ್ತೆ ಎತ್ತರ ಆಗಿದೆ. ಮಳೆನೀರೆಲ್ಲ ನಿಮ್ಮ ತಳಪಾಯಕ್ಕೇ ಬರ್ತಿದೆ."

ಅಷ್ಟರಲ್ಲಿ ಮೇಸ್ತ್ರಿ ಮೇಲಿನ ಮಣ್ಣು ಸರಿಸಿದರು. ಗೋಡೆಯ ತಲೆಯ ಮೇಲೆ ಎರಡು ತೊಲೆಯ ತುದಿಗಳು ಕಂಡವು. ಒಂದು ಈ ಮನೆಯದು. ಇನ್ನೊಂದು ಆಚೆಯಿಂದ ಬಂದು ಅದರ ಪಕ್ಕದಲ್ಲೇ ಕೂತಿತ್ತು.

"ಇದು..." ಎಂದರು ಏಕಾಂತಪ್ಪ.

"ದೊಡ್ಡಮ್ಮನ ಮನೇದು. ಹಿಂದಿನ ಕಾಲದಲ್ಲಿ ಅಕ್ಕಪಕ್ಕದವರು ಸೇರಿ ಎರಡು ಮನೆಗೆ ಒಂದೇ ಗೋಡೆ ಕಟ್ಟಿದಾರೆ. ಸೋಮವಾರ ಇದನ್ನ ಎಳೆದಿದ್ರೆ ಅವರ ಹೆಂಚಿನ ಮಾಡೂ ಇದರ ಜೊತೆಗೇ ಬರ್ತಿತ್ತು."

ಏಕಾಂತಪ್ಪ ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ನಡೆದರು.

"ಶೇಷಮ್ಮಾರೆ, ಆ ಚೀಲ ಬಿಚ್ಚಿ. ಕೇಳದೇ ಕೆಡವೋಕೆ ಹೊರಟಿದ್ದು ನನ್ನ ತಪ್ಪು. ನೀವೂ ಒಂದು ಮಾತು ಬಯ್ಯಬಾರದಿತ್ತಾ?"

"ಬಯ್ಯೋಕೆ ಹೆದರಿಕೆ ಆಯ್ತಪ್ಪ" ಎಂದು ಶೇಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಜೆಸಿಬಿ ಬರಲಿಲ್ಲ. ಗೋಡೆಯ ಬುಡಕ್ಕೆ ನೀರು ಬಾರದಂತೆ ಜಗಲಿಯ ಮುಂದೆ ಕಾಲುವೆ ತೋಡಿಸಿದರು. ಸಿಮೆಂಟ್ ಪೂರ್ತಿ ತೆಗೆಸಿ, ಬೇಸಿಗೆಯಿಡೀ ಗೋಡೆಯನ್ನು ಗಾಳಿಗೆ ಬಿಟ್ಟರು. ಹಸಿ ಆರಿದ ಮೇಲೆ ಸುಣ್ಣದ ಗಾರೆ ಮೆತ್ತಿಸಿದರು. ಆ ಮಳೆಗಾಲ ಬುಡದಲ್ಲಿ ಒಂದಿಷ್ಟು ತೇವ ಕಾಣಿಸಿತು, ಮೇಲೇರಲಿಲ್ಲ. ಜಯಶೀಲಾರ ಕೆಮ್ಮು ಕಡಿಮೆಯಾಯಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಹಳೇ ಬೀದಿಯ ಮಣ್ಣುಗೋಡೆಯ ಮನೆಯೇ? ಗೋಡೆ ಒದ್ದೆಯಾದರೆ ಸಿಮೆಂಟ್ ಚೀಲ ತರಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಸುಣ್ಣದ ಕೆಲಸ ಬಲ್ಲ ಇಂಜಿನಿಯರನ್ನು ಕರೆಸಿ. ಗೋಡೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ತಡಮಾಡಬೇಡಿ, ನೀವಾಗಿ ಕೆತ್ತಲೂ ಹೋಗಬೇಡಿ. ಕೆಡವಲೇಬೇಕು ಎನಿಸಿದರೂ, ಹಾರೆ ಎತ್ತುವ ಮುಂಚೆ ಪಕ್ಕದ ಮನೆಯ ಬಾಗಿಲು ತಟ್ಟಿ. ಆ ಮನೆಯವರು ಮಲಗುವುದು ನಿಮ್ಮ ಗೋಡೆಯನ್ನು ನಂಬಿ.